ಒಂಟಿ ಕಂಬದ ದುಂಡು ಮೇಜು ಮಗುಚದ ಹಾಗೆ ಮಾಡುವುದು

ಪ್ರಶ್ನೆ: ಮಲೆನಾಡಿನ ಸಾಗರ ಊರಿನ ಹತ್ತಿರದ ನಮ್ಮ ಅಜ್ಜನ ಮನೆ ಬಿಚ್ಚಿದಾಗ ಅಟ್ಟದ ಹಲಸಿನ ಹಲಗೆ ಏಳೆಂಟು, ಐದಿಂಚು ಚೌಕದ ಸಾಗುವಾನಿ ಕಂಬದ ತುಂಡು ಒಂದು ಉಳಿಸಿಕೊಂಡೆ. ಇದರಲ್ಲಿ ನಮ್ಮ ಬೆಂಗಳೂರಿನ ಮನೆಗೆ ನಾಲ್ಕು ಜನ ಕೂತು ಊಟ ಮಾಡುವಂಥ ದುಂಡು ಮೇಜು ಮಾಡಬೇಕೆಂದು ಆಸೆ. ನಡುವೆ ಒಂದೇ ಕಂಬ ಇರಬೇಕು. ಚಿಕ್ಕಮಗಳೂರಿನ ಒಂದು ಎಸ್ಟೇಟ್ ಬಂಗಲೆಯಲ್ಲಿ ಬಾಗಿದ ಮೂರು ಕಾಲಿನ ಅಂಥ ಮೇಜು ನೋಡಿದ್ದೆ. ಮೂರು ಕಾಲು ಸಾಕೆ? ಎಷ್ಟು ಅಗಲ ಚಾಚಿರಬೇಕು? ಮೊಳೆ ಹೊಡೆಯದೆ ಕಾಲನ್ನು ಕಂಬಕ್ಕೆ ಕೂಡಿಸುವುದು ಹೇಗೆ? ಮೇಲಿನ ಹಲಗೆ ಸೀಳಬಾರದು ಅಂದರೆ ಏನು ಮಾಡಬೇಕು? ನನ್ನ ಹತ್ತಿರ ಇರುವುದು ಉಳಿ, ಗರಗಸ, ಮರ ಹೆರೆದು ನಯ ಮಾಡುವ ತೋಪಡ, ಕೊಡತಿ, ಒಂದು ಡ್ರಿಲ್ ಅಷ್ಟೇ.

ಉತ್ತರ: ನಾನು ಮಾಡಿದ ಮೊದಲ ಒಂಟಿ ಕಂಬದ ಮೇಜು ನಮ್ಮ ಮನೆಯಲ್ಲಿ ಸರಿಯಾಗಿ ಒಂದು ಊಟದ ಹೊತ್ತು ಬಾಳಿತು. ಊಟ ಮುಗಿದ ಮೇಲೆ ಸೋದರತ್ತೆ ಏಳಲು ಮೇಜಿನ ಅಂಚಿಗೆ ಅಂಗೈ ಊರಿದರು. ಅವರು ದಪ್ಪನೆಯ ಹೆಂಗಸಲ್ಲ, ಮಂಡಿ ನೋವಿದ್ದವರು. ಎದುರಿನ ಅಂಚು ಮೆಲ್ಲಗೆ ಮೇಲೆದ್ದಿತು, ತಂಬುಳಿ ಪಾತ್ರೆ ಅವರ ಕಡೆಗೆ ಜಾರಿತು, ಪಕ್ಕದಲ್ಲಿದ್ದ ಮಾವ ಎರಡೂ ಕೈಯಲ್ಲಿ ಮೇಜನ್ನು ಹಿಡಿದು ನಿಲ್ಲಿಸಿದರು. ಯಾರಿಗೂ ಏಟಾಗಲಿಲ್ಲ. ಆದರೆ ಅತ್ತೆ ಆಮೇಲೆ ಆ ಮೇಜಿನ ಹತ್ತಿರ ಕೂರಲೇ ಇಲ್ಲ. ನನ್ನ ನೋಟ್‌ಪುಸ್ತಕ ತೆರೆದು ನೋಡಿದರೆ ಮೇಲಿನ ಹಲಗೆಗೆ ಆರು ಚಿತ್ರ, ಕಂಬಕ್ಕೆ ನಾಲ್ಕು ಚಿತ್ರ ಬರೆದಿದ್ದೆ. ಪಾದಕ್ಕೆ ಒಂದೂ ಇರಲಿಲ್ಲ. ಅದನ್ನು ಕೊನೆಗೆ, ಉಳಿದ ತುಂಡಿನಲ್ಲಿ, ಅಂದಕ್ಕೆ ಮಾಡಿದ್ದೆ.

ಆದ್ದರಿಂದ ನಿಮ್ಮ ಎಲ್ಲ ಪ್ರಶ್ನೆಗಳಿಗೂ ನಾನು ನೆಲದಿಂದ ಮೇಲಕ್ಕೆ ಉತ್ತರ ಕೊಡುತ್ತೇನೆ. ಮೇಜಿನ ಅಳತೆಗಳನ್ನೂ ಇದೇ ಕ್ರಮದಲ್ಲಿ ನಿರ್ಧರಿಸಿ.

ನಾಲ್ಕು ಜನಕ್ಕೆ 42 ಇಂಚು ಅಡ್ಡಳತೆ ಸಾಕು. ಸುತ್ತಳತೆ ಸುಮಾರು 132 ಇಂಚಾಗುತ್ತದೆ, ತಲೆಗೆ 33 ಇಂಚು ಸಿಗುತ್ತದೆ. ನೆಂಟರು ಬಂದರೆ ಐದನೆಯವರೂ ಕೂರಬಹುದು. ಎತ್ತರ ಇಪ್ಪತ್ತೊಂಬತ್ತೂವರೆಯಿಂದ 30 ಇಂಚು. ಇಷ್ಟು ಮೇಜು ಹಲಸು, ಸಾಗುವಾನಿಯಲ್ಲಿ ಹೆಚ್ಚುಕಡಿಮೆ 28 ಕೆಜಿ ತೂಗುತ್ತದೆ. ಈಗ ಪಾದದ ಲೆಕ್ಕ.

ಮೇಜು ಮಗುಚುವಾಗ ಒಂದೇ ಪಾದದ ಮೇಲೆ ತಿರುಗುವುದಿಲ್ಲ, ಅಕ್ಕಪಕ್ಕದ ಎರಡು ಪಾದಗಳ ತುದಿ ಸೇರಿಸುವ ಗೆರೆಯ ಮೇಲೆ ತಿರುಗುತ್ತದೆ. ಬಾಗಿಲಿಗೆ ಕೀಲು ಇದ್ದ ಹಾಗೆ ಆ ಗೆರೆ. ಮೇಜಿನ ತೂಕ ಗೆರೆಯ ಒಳಗಡೆ ನಿಂತು ಕೆಳಕ್ಕೆ ಎಳೆಯುತ್ತದೆ, ನಿಮ್ಮ ಕೈಭಾರ ಗೆರೆಯ ಹೊರಗಡೆ ನಿಂತು ಒತ್ತುತ್ತದೆ. ಪಾದದ ತುದಿಗಳು ನಡುಬಿಂದುವಿನಿಂದ 17 ಇಂಚು ದೂರ ಇವೆ ಅನ್ನಿ. ಮೂರು ಪಾದವಾದರೆ ಆ ಕೀಲುಗೆರೆ ನಡುವಿನಿಂದ ಎಂಟೂವರೆ ಇಂಚಿಗೇ ಬಂದುಬಿಡುತ್ತದೆ, ಸರಿಯಾಗಿ ಅರ್ಧ. ನಾಲ್ಕು ಪಾದವಾದರೆ 12 ಇಂಚಿಗೆ ಹೋಗುತ್ತದೆ. ಮೇಜಿನ ಅಂಚು ಇರುವುದು 21 ಇಂಚಿನಲ್ಲಿ. ಮೂರು ಪಾದದಲ್ಲಿ 28 ಕೆಜಿಯನ್ನು ಎಂಟೂವರೆಯಿಂದ ಗುಣಿಸಿ, ಗೆರೆಯಾಚೆ ಉಳಿದ ಹನ್ನೆರಡೂವರೆಯಿಂದ ಭಾಗಿಸಿದರೆ 19 ಕೆಜಿ. ಅಂಚಿನಲ್ಲಿ 19 ಕೆಜಿ ಬಿದ್ದರೆ ಎದುರು ಪಾದ ಏಳುತ್ತದೆ. ನಾಲ್ಕು ಪಾದದಲ್ಲಿ ಅದೇ ಲೆಕ್ಕ 37 ಕೆಜಿಗೆ ಹೋಗುತ್ತದೆ. ಪಾದವನ್ನು ಚೆಂದಕ್ಕೆಂದು 14 ಇಂಚಿಗೆ ಗಿಡ್ಡ ಮಾಡಿದರೆ ಮೂರಕ್ಕೆ 14 ಕೆಜಿ, ನಾಲ್ಕಕ್ಕೆ 25 ಕೆಜಿ. ನನ್ನ ಆ ಮೊದಲ ಮೇಜು 40 ಇಂಚಿನದು, ಮೂರು ಪಾದ, 13 ಇಂಚು ಚಾಚು, ತೂಕ 24 ಕೆಜಿ. ಲೆಕ್ಕ ಹಾಕಿದರೆ ಹನ್ನೊಂದೂವರೆ ಕೆಜಿ ಬರುತ್ತದೆ. ತುಂಬಿದ ಒಂದು ಕೊಡಪಾನ ಅಂಚಿಗಿಟ್ಟರೂ ಬೀಳುತ್ತಿತ್ತು, ಪಾಪ ಅತ್ತೆಯ ತಪ್ಪೇನು?

ಮನೆಯಲ್ಲಿ ತೂಕ ನೋಡುವ ಯಂತ್ರ ಇದ್ದರೆ ಅಡುಗೆಕಟ್ಟೆಯ ಮೇಲಿಟ್ಟು, ಕುರ್ಚಿಯಿಂದ ಏಳುವವರ ಹಾಗೆ ಒಂದು ಸಲ ಅಂಗೈಯಲ್ಲಿ ಒತ್ತಿ ನೋಡಿ. ನಾನು ಒತ್ತಿದಾಗ ಮುಳ್ಳು ಇಪ್ಪತ್ತು ದಾಟಿತ್ತು. ಹಾಗಾಗಿ ನಿಮ್ಮ ಊಟದ ಮೇಜಿಗೆ ನಾಲ್ಕು ಪಾದ, ನಡುವಿನಿಂದ ತುದಿಗೆ 17 ಇಂಚು. ಇದಕ್ಕಿಂತ ಹೊರಗೆ ಚಾಚಿದರೆ ಕೂತವರ ಕಾಲ್ಬೆರಳಿಗೆ ತಾಗುತ್ತದೆ, ಒಳಗೆ ಎಳೆದರೆ ಮೇಜು ನಂಬಿಕೆಗೆ ಅರ್ಹವಾಗುವುದಿಲ್ಲ.

ಮೂರು ಕಾಲಿಗೆ ಅದರದೇ ಗುಣ ಇದೆ, ಅದನ್ನೂ ಹೇಳಬೇಕು. ಮೂರು ಕಲ್ಲಿನ ಒಲೆ ಎಂಥ ನೆಲದಲ್ಲೂ ಅಲ್ಲಾಡುವುದಿಲ್ಲ. ಮುಕ್ಕಾಲಿಯೂ ಹಾಗೆಯೇ. ನೀವು ಬಂಗಲೆಯಲ್ಲಿ ನೋಡಿದ್ದು 18ನೇ ಶತಮಾನದ ಇಂಗ್ಲೆಂಡಿನ ಚಹಾ ಮೇಜಿನ ವಂಶದ್ದು ಇರಬೇಕು. ಅವು ಸಣ್ಣ ಮೇಜುಗಳು. ಎಷ್ಟೋ ಮೇಜುಗಳ ಹಲಗೆಯನ್ನು ನೆಟ್ಟಗೆ ಮಡಿಸಿ ಗೋಡೆಮೂಲೆಗೆ ತಳ್ಳಿಡುತ್ತಿದ್ದರು. ಅದರ ಮೇಲೆ ಇಡುತ್ತಿದ್ದುದು ಪಿಂಗಾಣಿ ಬಟ್ಟಲು, ಬಿಸ್ಕತ್ತು. ಅನ್ನದ ತಪ್ಪಲೆ ಇಟ್ಟು, ಊಟ ಮುಗಿಸಿ, ಕೈಯೂರಿ ಏಳುವವರಿಗಾಗಿ ಅವನ್ನು ಮಾಡಿರಲಿಲ್ಲ. 24 ಇಂಚಿನ ಕಾಫಿ ಮೇಜು ಮಾಡುವ ಮನಸ್ಸಾದರೆ ಮೂರು ಕಾಲೇ ಮಾಡಿ, ಸೊಗಸಾಗಿರುತ್ತದೆ.

ಮರಕ್ಕೆ ಗರಗಸ ಹಾಕುವ ಮೊದಲು ಒಂದು ಭಾನುವಾರ ಇದಕ್ಕೆ ಖರ್ಚು ಮಾಡಿ. ಸೆಂಟ್ರಿಂಗ್ ಕೆಲಸದ ಎರಡು ರಿಪೀಸು (ಮರದ ಪಟ್ಟಿ) ಅಡ್ಡಡ್ಡ ಇಟ್ಟು ಸ್ಕ್ರೂ ಹಾಕಿ, ನಡುವೆ ಒಂದು ಗಳ ನಿಲ್ಲಿಸಿ, ಮೇಲೆ 42 ಇಂಚಿನ ದುಂಡಗೆ ಕೊರೆದ ಹಳೇ ಪ್ಲೈವುಡ್ ಬಡಿಯಿರಿ. ಒಟ್ಟು ತೂಕ 28 ಕೆಜಿ ಬರುವಷ್ಟು ಕಲ್ಲನ್ನು ಬುಡಕ್ಕೆ ಕಟ್ಟಿ, ರುಬ್ಬುಗುಂಡು ಇದ್ದರೂ ಆದೀತು. ಆಮೇಲೆ 25 ಕೆಜಿ ಅಕ್ಕಿ ಚೀಲವನ್ನು ಅಂಚಿನಲ್ಲಿ, ಎರಡು ಪಾದಗಳ ಮಧ್ಯದ ದಿಕ್ಕಿಗೆ ಇಡಿ. ಪಾದದ ನೇರಕ್ಕೆ ಇಟ್ಟರೆ ಯಾವ ಮೇಜೂ ಪಾಸಾಗುತ್ತದೆ, ಅದು ಪರೀಕ್ಷೆಯಲ್ಲ. ಮನೆಯವರನ್ನೆಲ್ಲ ಸುತ್ತ ಕೂರಿಸಿ, ಕಾಲು ಎಲ್ಲಿ ತಾಗುತ್ತದೆ ಕೇಳಿ. ಈ ಅಣಕು ಮೇಜಿನಲ್ಲಿ ಅರ್ಧ ಇಂಚು ಆಚೆಈಚೆ ಮಾಡಿಕೊಳ್ಳುವುದಕ್ಕೆ ಐದು ನಿಮಿಷ. ಸಾಗುವಾನಿಯಲ್ಲಿ ಆಗುವುದಿಲ್ಲ.

ಈಗ ಕೂಡಿಸುವ ವಿಷಯ. ಹಳೆಯ ಚಹಾ ಮೇಜಿನವರು ಪ್ರತಿ ಕಾಲಿನ ತುದಿಯಲ್ಲಿ ಪಾರಿವಾಳದ ಬಾಲದ ಆಕಾರ ಕೊರೆದು, ಕಂಬದ ಬುಡದಲ್ಲಿ ಅದೇ ಆಕಾರದ ಕಾಲುವೆ ತೋಡಿ, ಕೆಳಗಿನಿಂದ ಮೇಲಕ್ಕೆ ಜಾರಿಸಿ ಕೂರಿಸುತ್ತಿದ್ದರು. ಬಡಗಿಗಳು ಡವ್‌ಟೇಲ್ ಅನ್ನುತ್ತಾರಲ್ಲ, ಅದೇ, ಜಾರಿಸುವ ಜಾತಿಯದು. ಅಂದವಾದ ಕೆಲಸ. ಆದರೂ ಅಂಥ ಎಷ್ಟೋ ಮೇಜುಗಳ ಬುಡ ತಿರುಗಿಸಿ ನೋಡಿದರೆ ಮೂರು ಎಸಳಿನ ಕಬ್ಬಿಣದ ಪಟ್ಟಿ ಹೊಡೆದಿರುತ್ತದೆ. ಯಾಕೆ? ನೆಲ ಪಾದದ ತುದಿಯನ್ನು ಮೇಲಕ್ಕೆ ಒತ್ತುತ್ತದೆ, ಆಗ ಕಾಲಿನ ಮೇಲ್ಭಾಗ ಕಂಬಕ್ಕೆ ಅಪ್ಪಿಕೊಳ್ಳುತ್ತದೆ, ಕೆಳಭಾಗ ಕಂಬದಿಂದ ಕಿತ್ತು ಬರಲು ನೋಡುತ್ತದೆ. 35 ಕೆಜಿ ಭಾರ, 14 ಇಂಚು ಉದ್ದದ ಸನ್ನೆಗೋಲು, ಕೂಡುವ ಜಾಗದಲ್ಲಿ ಹಿಡಿತ ಮೂರೇ ಇಂಚು ಅಂದುಕೊಳ್ಳಿ. ಕೆಳತುದಿಯನ್ನು ಕೀಳುವ ಎಳೆತ 160 ಕೆಜಿ ದಾಟುತ್ತದೆ. ಕಂಬದ ಬುಡದಲ್ಲಿ ಆ ಎಳೆತ ತಡೆಯುವುದು ಎಳೆಗೆ ಅಡ್ಡವಾದ ತೆಳು ಮರ. ಅದು ಸೀಳುತ್ತದೆ. ಹೊಸಬರು ಮೊದಲ ಕೆಲಸಕ್ಕೆ ಇದನ್ನು ಹಿಡಿಯಬಾರದು ಅನ್ನುವುದು ನನ್ನ ಅಭಿಪ್ರಾಯ. ಬಾಗಿದ ಕಾಲಿಗೆ ಇನ್ನೊಂದು ತೊಡಕು: ನೇರ ಹಲಗೆಯಿಂದ ಬಾಗು ಕೊರೆದರೆ ಹರಡಿನ ಹತ್ತಿರ ಎಳೆ ಅಡ್ಡಕ್ಕೆ ಓಡಿ, ಅಲ್ಲೇ ಮುರಿಯುತ್ತದೆ. ನೇಗಿಲು ಮಾಡುವವರು ಹುಟ್ಟಾ ಬಾಗಿದ ಮರವನ್ನೇ ಹುಡುಕಿ ಕಡಿಯುತ್ತಿದ್ದದ್ದು ಇದಕ್ಕೇ.

ನಿಮಗೆ ನಾನು ಹೇಳುವುದು ಅಡ್ಡಗಟ್ಟಿನ ಪಾದ. 34 ಇಂಚು ಉದ್ದ, 3 ಇಂಚು ಅಗಲ, 4 ಇಂಚು ಎತ್ತರದ ಎರಡು ದಿಮ್ಮಿ. ಎರಡನ್ನೂ ನಡುವೆ ಅರ್ಧರ್ಧ ಕಚ್ಚು ಕೊರೆದು ಒಂದರೊಳಗೊಂದು ಕೂರಿಸಿದರೆ ಕೂಡುಗುರುತಿನ ಹಾಗೆ ನಿಲ್ಲುತ್ತದೆ. ಕಾಲುಗಳು ನಾಲ್ಕು ಕಂಡರೂ ಮರ ಎರಡೇ, ಎಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕಡಿಯದೆ ಓಡುತ್ತದೆ. ಎತ್ತರ 4 ಇಂಚು ಯಾಕೆಂದರೆ, ಮರದ ಎತ್ತರ ಅರ್ಧವಾದರೆ ಮುರಿಯದೆ ನಿಲ್ಲುವ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಕಚ್ಚಿನ ಜಾಗದಲ್ಲಿ ಉಳಿಯುವುದು ಎರಡೇ ಇಂಚು, ಅದು ಸಾಕು. ಎರಡೂವರೆ ಇಂಚಿನ ದಿಮ್ಮಿ ತಂದು ಅರ್ಧ ಕೊರೆದರೆ ಸಾಲದು. ನಡುವಿನಿಂದ ತುದಿಗೆ ಹೋಗುತ್ತ ಮೇಲ್ಮೈಯನ್ನು 2 ಇಂಚಿಗೆ ಇಳಿಸಿ, ಕಣ್ಣಿಗೂ ಹಗುರ, ಕಾಲ್ಬೆರಳಿಗೂ ಹಿತ. ಅಡಿಭಾಗವನ್ನು ತುದಿಯ ಎರಡೆರಡು ಇಂಚು ಬಿಟ್ಟು ಉಳಿದಂತೆ ಅರ್ಧ ಇಂಚು ತೋಡಿ, ನೆಲಕ್ಕೆ ನಾಲ್ಕೇ ಕಡೆ ತಾಗಲಿ. ಆದರೆ ನಡುವಿನ ಕಚ್ಚಿನ ಹತ್ತಿರ ಆರಿಂಚು ಈ ತೋಡುವಿಕೆ ಕಾಲಿಂಚಿಗೆ ನಿಲ್ಲಲಿ, ಬಲ ಬೇಕಾದದ್ದೇ ಅಲ್ಲಿ.

ಈ ದಿಮ್ಮಿಗಳಿಗೆ ಮರ ನೀವು ಕೊಳ್ಳಬೇಕಾಗುತ್ತದೆ. ಹಳೇ ಮನೆ ಮರ ಮಾರುವ ಅಡ್ಡೆಗಳಲ್ಲಿ ಮತ್ತಿ ತೊಲೆ ಸಿಗುತ್ತದೆ. ಮತ್ತಿ ಸಾಗುವಾನಿಗಿಂತ ಭಾರ, ಬುಡ ಭಾರವಾದಷ್ಟೂ ನಿಮಗೆ ಲಾಭ. ಉಳಿ ಬೇಗ ಮೊಂಡಾಗುತ್ತದೆ, ಸಾಣೆಕಲ್ಲು ಪಕ್ಕದಲ್ಲೇ ಇರಲಿ. ಹೊನ್ನೆಯೂ ಗಟ್ಟಿ, ಆದರೆ ಹೊನ್ನೆ ನೀರು ತಾಗಿದರೆ ಬಣ್ಣ ಬಿಡುತ್ತದೆ. ದಿನಾ ನೆಲ ಒರೆಸುವ ನಮ್ಮ ಮನೆಗಳಲ್ಲಿ ಬಿಳಿ ಟೈಲ್ಸ್ ಮೇಲೆ ಹಳದಿ ಕಲೆ ನೋಡಬೇಕಾಗುತ್ತದೆ. ಹಳೇ ಮರಕ್ಕೆ ಗರಗಸ ಇಡುವ ಮೊದಲು ಅಯಸ್ಕಾಂತ ಸವರಿ ಮುರಿದ ಮೊಳೆ ಹುಡುಕಿ. ಅಂಚಿನ ಬಿಳಿ ಭಾಗವನ್ನು ಕನಿಕರ ತೋರದೆ ತೆಗೆದುಹಾಕಿ, ಕುಟ್ಟೆ ಹುಳು ಸೇರುವುದು ಅಲ್ಲಿಗೇ.

ಕಚ್ಚು ಕೊರೆಯುವಾಗ ಟೇಪಿನ ಅಳತೆ ನಂಬಬೇಡಿ. ಒಂದು ದಿಮ್ಮಿಯನ್ನು ಇನ್ನೊಂದರ ಮೇಲೆ ಅಡ್ಡ ಇಟ್ಟು, ಮೂಲೆಮಟ್ಟದಲ್ಲಿ ನೇರ ನೋಡಿ, ಎರಡೂ ಪಕ್ಕ ಚೂಪು ಚಾಕುವಿನಲ್ಲಿ ಗೀರಿ. ಪೆನ್ಸಿಲ್ ಗೆರೆಗೆ ದಪ್ಪ ಇರುತ್ತದೆ, ಚಾಕುವಿನ ಗೆರೆಗೆ ಇಲ್ಲ. ಗೆರೆಯ ಒಳಗಡೆ, ಗೆರೆ ಉಳಿಯುವ ಹಾಗೆ, ಗರಗಸ ಹಾಕಿ. ನಡುವೆ ನಾಲ್ಕೈದು ಕಡೆ ಗರಗಸದ ಸೀಳು ಕೊಟ್ಟರೆ ಉಳಿಗೆ ಹೋಳುಗಳು ಸುಲಭವಾಗಿ ಏಳುತ್ತವೆ. ಒಂದು ಪಕ್ಕದಿಂದ ಅರ್ಧ, ಇನ್ನೊಂದು ಪಕ್ಕದಿಂದ ಅರ್ಧ ಕೆತ್ತಿ. ಒಂದೇ ಕಡೆಯಿಂದ ಕೆತ್ತಿದರೆ ಆಚೆ ಅಂಚು ಕಿತ್ತು ಹೋಗುತ್ತದೆ.

ಆಮೇಲಿನ ಹೊಂದಿಸುವ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಕಾವಿ ಪುಡಿಯನ್ನು ಬೆರಳಲ್ಲಿ ತೆಗೆದು ಒಂದು ಕಚ್ಚಿನ ಒಳಗೋಡೆಗೆ ತೆಳ್ಳಗೆ ಸವರಿ, ಇನ್ನೊಂದು ದಿಮ್ಮಿ ಇಟ್ಟು ಕೊಡತಿಯಲ್ಲಿ ಒಂದು ಮೆಲುಪೆಟ್ಟು ಕೊಟ್ಟು ತೆಗೆಯಿರಿ. ಎಲ್ಲಿ ಬಿಗಿಯೋ ಅಲ್ಲಿ ಮಾತ್ರ ಕೆಂಪು ಅಂಟಿರುತ್ತದೆ. ಆ ಕೆಂಪನ್ನಷ್ಟೇ ಉಳಿಯಲ್ಲಿ ಕಾಗದದಷ್ಟು ತೆಳುವಾಗಿ ಸವರಿ ತೆಗೆದು ಮತ್ತೆ ಕೂರಿಸಿ. ಮೊದಲ ಸಲ ಎರಡು ಚುಕ್ಕಿ ಕಾಣುತ್ತದೆ, ನಾಲ್ಕನೇ ಸಲಕ್ಕೆ ಗೋಡೆಯ ಮುಕ್ಕಾಲು ಭಾಗ ಕೆಂಪಾಗುತ್ತದೆ. ಅರ್ಧದವರೆಗೆ ಕೈಯ ಒತ್ತಿಗೇ ಇಳಿದು, ಉಳಿದ ಅರ್ಧಕ್ಕೆ ಎರಡು ಪೆಟ್ಟು ಕೇಳಿದರೆ ಹದ ಬಂತು. ಹತ್ತು ಪೆಟ್ಟು ಬೇಕಾದರೆ ಮರ ಸೀಳುತ್ತದೆ. ಅಂಟು ಹಾಕುವ ಮೊದಲು ಕಾವಿಯನ್ನು ಪೂರ್ತಿ ಕೆರೆದು ತೆಗೆಯಿರಿ.

ಎರಡು ದಿಮ್ಮಿ ಅಂಟಿ ಒಣಗಿದ ಮೇಲೆ ಕೂಡುವ ಜಾಗದ ನಡುವೆ ಒಂದೂವರೆ ಇಂಚು ಚೌಕದ ತೂತು. ಡ್ರಿಲ್ಲಿನಲ್ಲಿ ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ ಕೊರೆದು, ಮೂಲೆಗಳನ್ನು ಉಳಿಯಿಂದ ಚೌಕ ಮಾಡಿ. ಕಂಬದ ಬುಡದಲ್ಲಿ ಅದೇ ಅಳತೆಯ ನಾಲಿಗೆ, ತೂತಿನ ಆಳಕ್ಕಿಂತ ಎರಡು ನೂಲು (ಎಂಟು ನೂಲಿಗೆ ಒಂದಿಂಚು) ಉದ್ದವಾಗಿ. ಬಹಳ ಜನ ನಾಲಿಗೆಗೆ ಎಲ್ಲ ಗಮನ ಕೊಟ್ಟು ಅದರ ಸುತ್ತಲಿನ ಭುಜವನ್ನು ಒರಟಾಗಿ ಬಿಡುತ್ತಾರೆ. ಮೇಜು ಓಲಾಡದಂತೆ ತಡೆಯುವುದು ಆ ಭುಜ, ನಾಲಿಗೆ ಅದನ್ನು ಬಿಗಿಹಿಡಿಯುತ್ತದೆ ಅಷ್ಟೇ. ಭುಜದ ಹೊರ ಅಂಚು ದಿಮ್ಮಿಗೆ ಪೂರ್ತಿ ತಾಗಬೇಕು, ಒಳಭಾಗವನ್ನು ಕೂದಲೆಳೆಯಷ್ಟು ಕುಳಿ ಮಾಡಿ. ಕಂಬ ನಿಲ್ಲಿಸಿ ಎರಡು ದಿಕ್ಕಿಗೂ ಮೂಲೆಮಟ್ಟ ಹಿಡಿಯಿರಿ. ಬುಡದಲ್ಲಿ ಅರ್ಧ ನೂಲು ತಪ್ಪಿದರೆ ಮೇಲೆ ಕಾಲಿಂಚಿಗೂ ಹೆಚ್ಚು ವಾಲುತ್ತದೆ.

ಬುಡದಿಂದ ಬೆಣೆ ಹೊಡೆಯುವಾಗ ದಿಕ್ಕು ನೋಡಿಕೊಳ್ಳಿ. ನಾಲಿಗೆಯಲ್ಲಿ ಎರಡು ಗರಗಸದ ಸೀಳು ಕೊಟ್ಟು ಬೆಣೆ ಹೊಡೆದಾಗ ಅದು ಹಿಗ್ಗುತ್ತದೆ. ಆ ಹಿಗ್ಗು ಕೆಳಗಿನ ದಿಮ್ಮಿಯ ಉದ್ದದ ದಿಕ್ಕಿಗೆ ಆಗಬೇಕು, ಅಗಲದ ದಿಕ್ಕಿಗಲ್ಲ. ಅಗಲಕ್ಕೆ ಹಿಗ್ಗಿಸಿದರೆ ಇಷ್ಟು ದಿನದ ಕೆಲಸ ಒಂದು ಪೆಟ್ಟಿಗೆ ಎರಡು ಹೋಳು. ನನ್ನ ಗುರುಗಳಾದ ಆಚಾರ್ರು ಬೆಣೆ ಹೊಡೆಯುವಾಗ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಬೆಣೆ ಕೂತಾಗ ಪೆಟ್ಟಿನ ಸದ್ದು ಟೊಳ್ಳಿನಿಂದ ಗಟ್ಟಿಗೆ ತಿರುಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಕಂಬದ ನಡುವೆ ಉದ್ದಕ್ಕೆ 12 ಮಿಲಿಮೀಟರ್ ಥ್ರೆಡ್ ರಾಡ್ ಹಾಕಿ ನಟ್ ಬಿಗಿಯುವವರೂ ಇದ್ದಾರೆ. ಕಬ್ಬಿಣ ಮುಟ್ಟಬಾರದೆಂಬ ಮಡಿ ನನಗಿಲ್ಲ, ಅದೂ ಗಟ್ಟಿಯೇ. ಆದರೆ ಇಡೀ ಕಂಬದಲ್ಲಿ ಅಷ್ಟುದ್ದ ನೇರ ತೂತು ಕೈಡ್ರಿಲ್ಲಿನಲ್ಲಿ ಬರುವುದಿಲ್ಲ.

ಕಂಬದ ಬಗ್ಗೆ ಚಿಂತೆ ಕಡಿಮೆ. ಅಷ್ಟು ವರ್ಷ ಮನೆ ಹೊತ್ತ ಸಾಗುವಾನಿ ಒಳಗಿನವರೆಗೂ ಒಣಗಿರುತ್ತದೆ. ಹಳೇ ಬಿರುಕಿದ್ದರೆ ಅದು ಆಡುವ ಮಾತೆಲ್ಲ ಆಡಿ ಮುಗಿಸಿದ್ದು, ಹೆದರಬೇಡಿ. ಚೌಕವನ್ನು ಎಂಟು ಮೂಲೆ ಮಾಡುವುದಾದರೆ ತುದಿಮುಖದಲ್ಲಿ ಕರ್ಣ ಎಳೆಯಿರಿ, ಕೈವಾರವನ್ನು ಒಂದು ಮೂಲೆಯಲ್ಲಿಟ್ಟು ಅರ್ಧ ಕರ್ಣದ ಅಳತೆಗೆ ತೆರೆದು ಎರಡೂ ಪಕ್ಕಕ್ಕೆ ಗುರುತು ಮಾಡಿ, ನಾಲ್ಕೂ ಮೂಲೆಗೆ ಹೀಗೇ. ಐದಿಂಚಿನ ಕಂಬದಲ್ಲಿ ಗುರುತು ಅಂಚಿನಿಂದ ಹತ್ತಿರತ್ತಿರ ಒಂದೂವರೆ ಇಂಚಿಗೆ ಬೀಳುತ್ತದೆ. ಮೇಲೆ ಕೆಳಗೆ ನಾಲ್ಕು ನಾಲ್ಕು ಇಂಚು ಚೌಕವಾಗಿಯೇ ಬಿಡಿ, ಕೂಡುವ ಜಾಗಕ್ಕೆ ಭುಜ ಬೇಕು. ನಮ್ಮ ಹಳೇ ಮನೆಗಳ ಕಂಬಗಳೂ ಬುಡಕ್ಕೆ ಚೌಕ, ನಡುವೆ ಎಂಟು ಮೂಲೆ ಇರುವುದು ಬರೀ ಅಲಂಕಾರಕ್ಕಲ್ಲ. ಬೇಲೂರಿನ ಕಂಬದ ಹಾಗೆ ಬಳೆಬಳೆಯಾಗಿ ಕಡೆಸಬೇಕೆಂದರೆ ಲೇತ್ ಇರುವವರ ಹತ್ತಿರ ಒಯ್ಯಿರಿ, ಅದು ನಿಮ್ಮ ಉಳಿಯ ಕೆಲಸವಲ್ಲ.

ಕಂಬದ ತಲೆಗೂ ಪಾದದ ಹಾಗೆಯೇ ಒಂದು ಅಡ್ಡಗಟ್ಟು ಬೇಕು, ಸಣ್ಣದು: 30 ಇಂಚು ಉದ್ದ, 2 ಇಂಚು ಅಗಲ, ಎರಡೂವರೆ ಇಂಚು ಎತ್ತರದ ಎರಡು ತೋಳು. ಇಲ್ಲಿಯೂ ಕಚ್ಚು, ತೂತು, ಬೆಣೆ, ಅದೇ ಪಾಠ. ನಾಲಿಗೆ ಒಂದಿಂಚಿನದು ಸಾಕು. ಪಾದದ ದಿಕ್ಕಿಗೇ ತೋಳುಗಳೂ ಇರಲಿ, ಕಣ್ಣಿಗೆ ಗೊಂದಲವಾಗುವುದಿಲ್ಲ.

ಇನ್ನು ಹಲಗೆ. ನಿಮ್ಮ ಕೊನೆಯ ಪ್ರಶ್ನೆ ಇದು, ಎರಡನೇ ದೊಡ್ಡ ಅಪಾಯವೂ ಇದೇ. ಮರ ಉದ್ದಕ್ಕೆ ಬದಲಾಗುವುದಿಲ್ಲ, ಅಗಲಕ್ಕೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಸಾಗುವಾನಿ ಇದರಲ್ಲಿ ತೀರಾ ಸಾಧು. ಅದೂ 42 ಇಂಚಿನ ಅಗಲದಲ್ಲಿ, ಮರದೊಳಗಿನ ತೇವ ನೂರಕ್ಕೆ ಐದರಷ್ಟು ಬದಲಾದರೆ, ಮೂರು ನೂಲಿನವರೆಗೆ ಆಡುತ್ತದೆ. ಹಲಸಿಗೂ ಕನಿಷ್ಠ ಅಷ್ಟು ಜಾಗ ಬಿಡಿ. ಮಳೆಗಾಲದಲ್ಲಿ ನಿಮ್ಮ ದುಂಡು ಮೇಜು ಯಾರಿಗೂ ಕಾಣದಷ್ಟು ಮೊಟ್ಟೆಯಾಗುತ್ತದೆ ಅಂತಲೇ ಇಟ್ಟುಕೊಳ್ಳಿ. ಸಾಗರದ ಅಟ್ಟದಿಂದ ಬೆಂಗಳೂರಿನ ಒಣಹವೆಗೆ ಬಂದ ಹಲಗೆ ಮೊದಲ ಕೆಲವು ವಾರ ಕುಗ್ಗುತ್ತಲೇ ಇರುತ್ತದೆ. ಅದಕ್ಕೆ ಒರಟಾಗಿ ಒಂದು ಸಲ ತೋಪಡ ಹೊಡೆದು, ಹಲಗೆಗಳ ನಡುವೆ ಪಟ್ಟಿ ಇಟ್ಟು ಗಾಳಿಯಾಡುವಂತೆ ಪೇರಿಸಿ, ಮೇಜು ಇಡುವ ಕೋಣೆಯಲ್ಲೇ ಒಂದು ತಿಂಗಳು ಬಿಡಿ. ಟೆರೇಸಿನಲ್ಲಿ ಬೇಡ. ಆ ತಿಂಗಳಲ್ಲಿ ಪಾದ, ಕಂಬ ಮುಗಿಸಿಕೊಳ್ಳಬಹುದು.

ಹಲಗೆಯ ಅಂಚುಗಳನ್ನು ಕೂಡಿಸಲು ಒಂದು ಉಪಾಯ. ಅಕ್ಕಪಕ್ಕ ಬರುವ ಎರಡು ಹಲಗೆಗಳನ್ನು ಪುಸ್ತಕ ಮಡಿಸಿದ ಹಾಗೆ ಬೆನ್ನಿಗೆ ಬೆನ್ನು ಜೋಡಿಸಿ ಬಿಗಿದು, ಎರಡರ ಅಂಚಿಗೂ ಒಟ್ಟಿಗೆ ತೋಪಡ ಹೊಡೆಯಿರಿ. ನಿಮ್ಮ ಕೈ ಒಂದು ಕಡೆ ವಾಲಿ ಅಂಚು ಓರೆಯಾದರೂ, ಪುಸ್ತಕ ತೆರೆದಾಗ ಒಂದರ ಓರೆ ಇನ್ನೊಂದರ ಓರೆಯನ್ನು ಸರಿದೂಗಿಸುತ್ತದೆ, ಮೇಲ್ಮೈ ಸಪಾಟಾಗಿ ಬರುತ್ತದೆ. ಅಂಚಿನ ನಡುಭಾಗದಲ್ಲಿ ಬೆಳಕು ಇಣುಕುವಷ್ಟು, ಕಾಗದದ ದಪ್ಪ, ಕುಳಿ ಇರಲಿ. ಬಿಗಿದಾಗ ಅದು ಮುಚ್ಚಿಕೊಳ್ಳುತ್ತದೆ, ತುದಿಗಳು ಮುಂದೆ ಎಂದೂ ಬಾಯಿಬಿಡುವುದಿಲ್ಲ. ಕ್ಲಾಂಪ್ ಇಲ್ಲದಿದ್ದರೆ ಒಂದು ಪ್ಲೈವುಡ್ಡಿನ ಮೇಲೆ ಎರಡೂ ಪಕ್ಕಕ್ಕೆ ಪಟ್ಟಿ ಬಡಿದು, ಪಟ್ಟಿಗೂ ಹಲಗೆಗೂ ನಡುವೆ ಜೋಡಿ ಬೆಣೆ ಎದುರುಬದುರು ಹೊಡೆಯಿರಿ. ಫೆವಿಕಾಲ್ ಸಾಕು, ನೀರು ತಡೆಯುವ ಜಾತಿಯದು ಇದ್ದರೆ ಒಳ್ಳೆಯದು. ಒಂದೇ ದಿನ ಏಳೂ ಹಲಗೆ ಅಂಟಿಸುವ ಸಾಹಸ ಬೇಡ, ಎರಡೆರಡಾಗಿ ಅಂಟಿಸಿ.

ದುಂಡಗೆ ಕೊರೆಯಲು ಒಂದು ಪಟ್ಟಿಗೆ ಮೊಳೆ, 21 ಇಂಚು ಆಚೆಗೆ ಪೆನ್ಸಿಲ್. ಮೊಳೆಯನ್ನು ಹಲಗೆಯ ಅಡಿಮುಖದಲ್ಲಿ ಊರಿ, ಮೇಲ್ಮುಖದಲ್ಲಿ ತೂತಾಗದಿರಲಿ. ಬಾಗು ಕೊರೆಯುವ ಗರಗಸ ಇಲ್ಲದಿದ್ದರೂ ನಡೆಯುತ್ತದೆ. 42 ಇಂಚು ಚೌಕದ ಪ್ರತಿ ಮೂಲೆಯಿಂದ ಎರಡೂ ಪಕ್ಕಕ್ಕೆ 12 ಇಂಚು ಅಳೆದು ಮೂಲೆ ಹಾರಿಸಿದರೆ ಎಂಟು ಬದಿ, ಮತ್ತೆ ಆ ಮೂಲೆಗಳನ್ನು ಗೆರೆಗೆ ತಾಗದಂತೆ ಹಾರಿಸಿದರೆ ಹದಿನಾರು, ಮತ್ತೊಮ್ಮೆ ಮೂವತ್ತೆರಡು. ಅಲ್ಲಿಂದ ತೋಪಡ, ಅರ. ಅಡಿಯ ಅಂಚನ್ನು ಓರೆಯಾಗಿ ಕೆತ್ತಿ ಕಾಣುವ ದಪ್ಪವನ್ನು ಅರ್ಧ ಇಂಚಿಗೆ ಇಳಿಸಿದರೆ ಒಂದಿಂಚಿನ ಹಲಗೆಯೂ ತೆಳ್ಳಗೆ, ತೇಲುವಂತೆ ಕಾಣುತ್ತದೆ. ಹಲಸಿನ ಎಳೆ ಅಲ್ಲಲ್ಲಿ ಹಿಂದುಮುಂದು ಓಡಿ ತೋಪಡಕ್ಕೆ ಕಿತ್ತು ಬರುತ್ತದೆ. ಅಂಥಲ್ಲಿ ಒಡೆದ ಗಾಜಿನ ಚೂರಿನ ಅಂಚಿನಿಂದ ಹೆರೆಯಿರಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು.

ಹಲಗೆಯನ್ನು ತೋಳಿಗೆ ಅಂಟಿಸಬೇಡಿ. ಮೊಳೆ ಬೇಡ ಅಂದಿದ್ದೀರಿ, ಆದರೆ ಇಲ್ಲಿ ಸ್ಕ್ರೂ ಬೇಕೇ ಬೇಕು. ಹಲಗೆಯ ಎಳೆಗೆ ಅಡ್ಡ ಬರುವ ತೋಳಿನಲ್ಲಿ ನಡುವಿನ ಸ್ಕ್ರೂಗೆ ದುಂಡು ತೂತು, ತುದಿಯ ಸ್ಕ್ರೂಗಳಿಗೆ ಮೂರು ನೂಲು ಉದ್ದದ ಸೀಳುತೂತು, ತಲೆಯಡಿಗೆ ವಾಷರ್. ಸ್ಕ್ರೂ ಹಲಗೆಯ ಜೊತೆ ಓಡಾಡಲಿ. ಮಳೆಗಾಲದಲ್ಲಿ ಜೋಡಿಸುತ್ತಿದ್ದರೆ ಹಲಗೆ ಹಿಗ್ಗಿ ನಿಂತಿರುತ್ತದೆ, ಮುಂದೆ ಒಳಕ್ಕೆ ಕುಗ್ಗಬೇಕು. ಸ್ಕ್ರೂವನ್ನು ಸೀಳಿನ ಹೊರತುದಿಗೆ ಹಾಕಿ. ಬೇಸಿಗೆಯಲ್ಲಾದರೆ ಒಳತುದಿಗೆ. ಎಳೆಯ ದಿಕ್ಕಿಗೇ ಇರುವ ತೋಳಿಗೆ ಈ ಉಪಚಾರ ಬೇಡ. ಬಿಚ್ಚಿ ಸಾಗಿಸುವುದಕ್ಕೂ ಇದು ಅನುಕೂಲ.

ಮೆರುಗಿಗೆ ಅರಗಿನ ಪಾಲಿಶ್ ಎಷ್ಟೇ ಚೆಂದವಾದರೂ ಊಟದ ಮೇಜಿಗೆ ಬೇಡ, ಬಿಸಿ ಕಾಫಿ ಲೋಟ ಇಟ್ಟಲ್ಲಿ ಬಿಳಿ ಬಳೆ ಮೂಡುತ್ತದೆ. ಕಂಬಕ್ಕೆ, ಪಾದದ ಮೇಲ್ಭಾಗಕ್ಕೆ ಬಳಿಯಿರಿ. ಹಲಗೆಗೆ ಹೊಳಪಿಲ್ಲದ ಪಿಯು (ಪಾಲಿಯುರೆಥೇನ್ ವಾರ್ನಿಷ್) ಮೂರು ಕೋಟು, ಮೇಲೂ ಕೆಳಗೂ ಸಮನಾಗಿ. ಒಂದೇ ಮುಖಕ್ಕೆ ಬಳಿದರೆ ಇನ್ನೊಂದು ಮುಖ ಮಾತ್ರ ತೇವ ಕುಡಿದು ಹಲಗೆ ದೋಣಿಯಾಗುತ್ತದೆ. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ, ಬಿಡಿಸಿ ಹರವಿ ಒಣಗಿಸಿ. ಹಲಸು ಈಗ ಕೆರೆದಾಗ ಅರಿಸಿನದ ಬಣ್ಣ ಕಂಡು ಗಾಬರಿಯಾಗಬೇಡಿ, ಬೆಳಕಿಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಬಣ್ಣ ಹಚ್ಚಿ ಅವಸರ ಮಾಡಿದವರೆಲ್ಲ ಆಮೇಲೆ ಕಪ್ಪಾಯಿತೆಂದು ಪೇಚಾಡಿದ್ದಾರೆ.

ಕೊನೆಗೆ ಮತ್ತೆ ಪಾದಕ್ಕೆ ಬರೋಣ. ನಾಲ್ಕು ಪಾದ ಎಷ್ಟೇ ಜಾಗ್ರತೆಯಾಗಿ ಮಾಡಿದರೂ ಒಂದು ಕಾಗದದ ದಪ್ಪ ಆಡುತ್ತದೆ. ಬುಡವನ್ನು ಸಪಾಟಾದ ಗ್ರಾನೈಟ್ ಚಪ್ಪಡಿಯ ಮೇಲಿಟ್ಟು, ಕುಣಿಯುವ ಪಾದದ ಕೆಳಗೆ ಹಳೇ ಮದುವೆ ಕಾಗದ ಒಂದೊಂದೇ ತೂರಿಸುತ್ತ ಹೋಗಿ, ಕುಣಿತ ನಿಂತಾಗ ಎಷ್ಟು ಕಾಗದ ಆಯಿತು ನೋಡಿ. ಅದರ ಎಡಬಲಕ್ಕಿರುವ, ಒಂದಕ್ಕೊಂದು ಎದುರುಬದುರಾದ ಎರಡು ಉದ್ದ ಪಾದಗಳಿಂದ ಒಟ್ಟು ಅಷ್ಟೇ ದಪ್ಪವನ್ನು ಅರದಲ್ಲಿ ತೆಗೆಯಿರಿ, ಎರಡರಿಂದಲೂ ಸಮನಾಗಿ. ಒರೆಸುವ ನೀರು ಹೀರದಂತೆ ಪಾದದ ತುದಿಮುಖಗಳಿಗೆ, ಅಡಿಗೆ ಬಿಸಿ ಮೇಣ ತಿಕ್ಕಿ, ಕೆಳಗೆ ನೈಲಾನ್ ಬಿಲ್ಲೆ ಹೊಡೆಯಿರಿ. ಚರ್ಮ ಹಚ್ಚಬೇಡಿ, ನಮ್ಮ ನೆಲಕ್ಕೆ ಬೂಸ್ಟು ಹಿಡಿಯುತ್ತದೆ. ಬಿಲ್ಲೆ ಹೊಡೆದ ಮೇಲೆ ಆ ಅಕ್ಕಿ ಚೀಲವನ್ನು ಇನ್ನೊಮ್ಮೆ ಅಂಚಿಗೆ ಇಟ್ಟು ನೋಡಿ, ಆಮೇಲೆ ಮನೆಯ ಹಿರಿಯರನ್ನು ಊಟಕ್ಕೆ ಕರೆಯಿರಿ.